ನೋಂದಣಿ ಜಯನಗರದಲ್ಲಿ, ನ್ಯಾಯ ಕೆ.ಜಿ. ರಸ್ತೆಯಲ್ಲಿ

ದಕ್ಷಿಣ ಬೆಂಗಳೂರಿನಲ್ಲಿ ಮನೆ ಅಥವಾ ನಿವೇಶನ ಕೊಳ್ಳುವವರು ಕ್ರಯಪತ್ರದ ನೋಂದಣಿಗಾಗಿ ದೂರ ಹೋಗಬೇಕಾಗಿಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಎಲ್ಲ ಕಡೆ ಉಪನೋಂದಣಾಧಿಕಾರಿಗಳ ಕಚೇರಿಗಳಿವೆ. ಖಾತಾ, ತೆರಿಗೆ, ವಿದ್ಯುತ್ ಸಂಪರ್ಕ, ಪೊಲೀಸ್ ಠಾಣೆ, ಪ್ರಾದೇಶಿಕ ಸಾರಿಗೆ ಕಚೇರಿ ಇವೆಲ್ಲವೂ ಬಡಾವಣೆಯ ಒಳಗೋ ಅಂಚಿನಲ್ಲೋ ಲಭ್ಯ. ಆದರೆ ಅದೇ ನಿವೇಶನದ ಒಡೆತನದ ಬಗ್ಗೆ ತಕರಾರು ಎದ್ದರೆ, ನೆರೆಯವರು ಗೋಡೆಯನ್ನು ಎರಡು ಅಡಿ ಈಚೆಗೆ ಕಟ್ಟಿದರೆ, ಬಾಡಿಗೆದಾರರು ಮನೆ ಬಿಡಲು ಒಪ್ಪದಿದ್ದರೆ ಪರಿಹಾರ ಹತ್ತಿರದಲ್ಲಿಲ್ಲ. ಅದಕ್ಕಾಗಿ ಕೆಂಪೇಗೌಡ ರಸ್ತೆಯ ನಗರ ಸಿವಿಲ್ ನ್ಯಾಯಾಲಯ ಸಮುಚ್ಚಯಕ್ಕೆ ಅಥವಾ ಎಂ.ಜಿ. ರಸ್ತೆಯ ಬಳಿಯ ಮೇಯೊ ಹಾಲ್‌ಗೆ ಅಲೆಯಬೇಕು.

ಇಲ್ಲೊಂದು ವಿಪರ್ಯಾಸವಿದೆ. ಬೆಂಗಳೂರು ನಗರ ಜಿಲ್ಲೆಯ ದಕ್ಷಿಣದ ತುದಿಯಲ್ಲಿರುವ ಆನೇಕಲ್ ತಾಲ್ಲೂಕು ಕೇಂದ್ರದಲ್ಲಿ ಸಿವಿಲ್ ನ್ಯಾಯಾಧೀಶರು ಹಾಗೂ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ನ್ಯಾಯಾಲಯಗಳಿವೆ. ಆನೇಕಲ್ಲಿನ ರೈತನಿಗೆ ತನ್ನ ಊರಿನಲ್ಲೇ ದಾವೆ ಹೂಡುವ ಅವಕಾಶವಿದೆ. ಅನೇಕ ಜಿಲ್ಲಾ ಕೇಂದ್ರಗಳನ್ನು ಮೀರಿಸುವಷ್ಟು ಜನಸಂಖ್ಯೆಯಿರುವ ಜಯನಗರ, ಬನಶಂಕರಿ, ಬಿ.ಟಿ.ಎಂ. ಪ್ರದೇಶದ ನಿವಾಸಿಗಳಿಗೆ ಆ ಅವಕಾಶವಿಲ್ಲ.

ಹೆಸರಿನ ಗೊಂದಲವೂ ಈಗ ಸೇರಿಕೊಂಡಿದೆ. 2025ರಲ್ಲಿ ರಾಜ್ಯ ಸರ್ಕಾರ ರಾಮನಗರ ಜಿಲ್ಲೆಯನ್ನು ‘ಬೆಂಗಳೂರು ದಕ್ಷಿಣ ಜಿಲ್ಲೆ’ ಎಂದು ಮರುನಾಮಕರಣ ಮಾಡಿತು. ಜಿಲ್ಲಾ ಕೇಂದ್ರ ಮಾತ್ರ ರಾಮನಗರದಲ್ಲೇ ಉಳಿಯಿತು. ಹೀಗಾಗಿ ‘ಬೆಂಗಳೂರು ದಕ್ಷಿಣ’ ಎಂಬ ಹೆಸರಿನ ಜಿಲ್ಲೆಯಿದೆ, ಅದಕ್ಕೆ ಜಿಲ್ಲಾ ನ್ಯಾಯಾಲಯವೂ ಇದೆ. ಆದರೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ವಾಸಿಸುವವರಿಗೂ ಅದಕ್ಕೂ ಸಂಬಂಧವಿಲ್ಲ.

ಎರಡು ಊರುಗಳ ನಕ್ಷೆ

ನ್ಯಾಯಾಲಯಗಳು ಇಂದು ಇರುವ ಜಾಗಗಳನ್ನು ಅರ್ಥ ಮಾಡಿಕೊಳ್ಳಲು ಹತ್ತೊಂಬತ್ತನೆಯ ಶತಮಾನದ ಬೆಂಗಳೂರನ್ನು ನೋಡಬೇಕಾಗುತ್ತದೆ. ಆಗ ಇದ್ದುದು ಎರಡು ಊರು. ಒಂದು ಪೇಟೆ, ಇನ್ನೊಂದು 1809ರಲ್ಲಿ ಆರಂಭವಾದ ದಂಡು ಪ್ರದೇಶ. 1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರರ ಕೈಗೆ ಹೋದ ಮೇಲೆ ಬೆಂಗಳೂರು ಆಡಳಿತದ ಕೇಂದ್ರವಾಯಿತು. 1860ರ ದಶಕದಲ್ಲಿ ಹದಿನೆಂಟು ಇಲಾಖೆಗಳಿಗಾಗಿ ಅಠಾರ ಕಚೇರಿ ನಿರ್ಮಾಣವಾಯಿತು. 1881ರಲ್ಲಿ ಆಡಳಿತ ಒಡೆಯರಿಗೆ ಮರಳಿದ ಬಳಿಕ, 1884ರಲ್ಲಿ ಮೈಸೂರು ಚೀಫ್ ಕೋರ್ಟ್ ಅಸ್ತಿತ್ವಕ್ಕೆ ಬಂತು. ಅದೇ 1930ರಲ್ಲಿ ಹೈಕೋರ್ಟ್ ಎನಿಸಿತು. ಇಂದಿಗೂ ಹೈಕೋರ್ಟಿನ ಬೆಂಗಳೂರು ಪೀಠ ಅಠಾರ ಕಚೇರಿಯ ಕೆಂಪು ಕಟ್ಟಡದಲ್ಲಿದೆ.

ದಂಡು ಪ್ರದೇಶದ ವ್ಯವಸ್ಥೆಯೇ ಬೇರೆ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಕರೆಯಲಾಗುತ್ತಿದ್ದ ಆ ಪ್ರದೇಶ 1947ರ ಜುಲೈವರೆಗೂ ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿತ್ತು. ಅದಕ್ಕೆ ಪ್ರತ್ಯೇಕ ನ್ಯಾಯವ್ಯವಸ್ಥೆಯಿತ್ತು. ವೈಸ್‌ರಾಯ್ ಲಾರ್ಡ್ ಮೇಯೊ ಸ್ಮರಣಾರ್ಥ 1883ರಲ್ಲಿ ಸಿದ್ಧವಾದ ಮೇಯೊ ಹಾಲ್ ಆ ಭಾಗದ ಆಡಳಿತದ ಗುರುತಾಗಿ ನಿಂತಿತು. 1949ರಲ್ಲಿ ಎರಡೂ ಊರುಗಳು ಒಂದೇ ನಗರಪಾಲಿಕೆಯಲ್ಲಿ ಸೇರಿದವು. ಆದರೂ ನ್ಯಾಯಾಲಯಗಳ ನಕ್ಷೆ ಹಳೆಯದಾಗಿಯೇ ಮುಂದುವರಿಯಿತು. ಪೇಟೆಯ ಅಂಚಿಗೆ ಒಂದು ಸಮುಚ್ಚಯ, ದಂಡಿಗೆ ಒಂದು ಸಮುಚ್ಚಯ.

ಈ ನಕ್ಷೆ ರೂಪುಗೊಂಡ ಕಾಲದಲ್ಲಿ ಲಾಲ್‌ಬಾಗಿನ ದಕ್ಷಿಣಕ್ಕೆ ಇದ್ದುದು ಕೆರೆ, ತೋಟ, ಹೊಲ ಮತ್ತು ಹಳ್ಳಿಗಳು. ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರಲ್ಲಿ. 1945ರಲ್ಲಿ ರಚನೆಯಾಗಿದ್ದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, ಬಳಿಕ 1976ರ ಕಾಯ್ದೆಯಂತೆ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಡಾವಣೆಗಳನ್ನು ದಕ್ಷಿಣಕ್ಕೆ ವಿಸ್ತರಿಸುತ್ತಾ ಹೋದವು. ಸಾರಕ್ಕಿಯ ಸುತ್ತ ಜೆ.ಪಿ. ನಗರ ಬೆಳೆಯಿತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲ ಅಕ್ಷರಗಳೇ ಬಿ.ಟಿ.ಎಂ. ಆದವು. ಬನಶಂಕರಿ ಒಂದರ ಹಿಂದೊಂದು ಹಂತವಾಗಿ ಹಬ್ಬಿತು. ಬಡಾವಣೆಯ ನಕ್ಷೆಗಳಲ್ಲಿ ಉದ್ಯಾನಕ್ಕೆ, ಶಾಲೆಗೆ, ಮಾರುಕಟ್ಟೆಗೆ, ಆಟದ ಮೈದಾನಕ್ಕೆ ಜಾಗ ಮೀಸಲಾಯಿತು. ನ್ಯಾಯಾಲಯಕ್ಕೆ ಮಾತ್ರ ಜಾಗ ಸಿಗಲಿಲ್ಲ.

1979ರ ಕಾಯ್ದೆ ತಂದ ಬದಲಾವಣೆ

ಎಪ್ಪತ್ತರ ದಶಕದವರೆಗೆ ಬೆಂಗಳೂರಿನಲ್ಲೂ ಇತರ ಜಿಲ್ಲೆಗಳಂತೆ ಮುನ್ಸೀಫ್, ಸಿವಿಲ್ ನ್ಯಾಯಾಧೀಶ, ಜಿಲ್ಲಾ ನ್ಯಾಯಾಧೀಶ ಎಂಬ ಮೂರು ಮೆಟ್ಟಿಲುಗಳ ವ್ಯವಸ್ಥೆಯಿತ್ತು. 1979ರ ಬೆಂಗಳೂರು ನಗರ ಸಿವಿಲ್ ನ್ಯಾಯಾಲಯ ಕಾಯ್ದೆ ಇದನ್ನು ಬದಲಿಸಿತು. ಹಿಂದಿನ ಪ್ರೆಸಿಡೆನ್ಸಿ ನಗರಗಳ ಮಾದರಿಯನ್ನು ಬೆಂಗಳೂರಿಗೆ ತರಲಾಯಿತು. ಮದ್ರಾಸಿನಲ್ಲಿ 1892ರಿಂದ, ಮುಂಬೈಯಲ್ಲಿ 1948ರ ಕಾಯ್ದೆಯಿಂದ ಇಂಥ ನ್ಯಾಯಾಲಯಗಳಿದ್ದವು.

ಹೊಸ ವ್ಯವಸ್ಥೆಯ ತಿರುಳು ಸರಳ. ನಗರದ ವ್ಯಾಪ್ತಿಯ ಸಾಮಾನ್ಯ ಸಿವಿಲ್ ದಾವೆಗಳನ್ನು, ಅವುಗಳ ಮೌಲ್ಯ ಎಷ್ಟೇ ಇರಲಿ, ಜಿಲ್ಲಾ ನ್ಯಾಯಾಧೀಶರ ದರ್ಜೆಯವರೇ ವಿಚಾರಣೆ ಮಾಡುತ್ತಾರೆ. ಸಣ್ಣ ಪುಟ್ಟ ಹಣದ ವ್ಯಾಜ್ಯ, ಬಾಡಿಗೆ ಮುಂತಾದವು ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಸೇರುತ್ತವೆ. ನಗರ ಸಿವಿಲ್ ನ್ಯಾಯಾಲಯದ ತೀರ್ಪಿನ ವಿರುದ್ಧ ಮೊದಲ ಮೇಲ್ಮನವಿ ನೇರವಾಗಿ ಹೈಕೋರ್ಟಿಗೆ ಹೋಗುತ್ತದೆ. ಆನೇಕಲ್ಲಿನಲ್ಲಿ ಕಿರಿಯ ಸಿವಿಲ್ ನ್ಯಾಯಾಧೀಶರ ತೀರ್ಪಿನ ವಿರುದ್ಧದ ಮೊದಲ ಮೇಲ್ಮನವಿ ಜಿಲ್ಲೆಯೊಳಗೇ ಮುಗಿಯುತ್ತದೆ. ಜಯನಗರದವರ ಮೊದಲ ಮೇಲ್ಮನವಿಯೇ ಹೈಕೋರ್ಟಿನಲ್ಲಿ.

ಇದರಿಂದ ಲಾಭವೂ ಆಗಿದೆ. ಮೆಟ್ಟಿಲು ಒಂದು ಕಡಿಮೆಯಾಯಿತು. ಅನುಭವಿ ನ್ಯಾಯಾಧೀಶರ ಮುಂದೆಯೇ ಸಾಕ್ಷ್ಯ ದಾಖಲಾಗುತ್ತದೆ. ಆದರೆ ಬೆಲೆಯನ್ನೂ ತೆರಬೇಕಾಗಿದೆ. ಎರಡು ಅಡಿ ಗೋಡೆಯ ವ್ಯಾಜ್ಯವೂ ಕೋಟ್ಯಂತರ ರೂಪಾಯಿಯ ಜಮೀನಿನ ವ್ಯಾಜ್ಯವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಮೇಲ್ಮನವಿಯ ಹಂತದಲ್ಲಿ ಇಡೀ ನಗರದ ಭಾರ ಹೈಕೋರ್ಟಿನ ಮೇಲೆ ಬೀಳುತ್ತದೆ. ಸಣ್ಣ ಆಸ್ತಿಯ ಮಾಲೀಕನೂ ಹೈಕೋರ್ಟ್ ವಕೀಲರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಈ ಕಾಯ್ದೆ ಜಾರಿಗೆ ಬಂದ ಹೊತ್ತಿನಲ್ಲಿ, ಅಂದರೆ 1981ರ ಜನಗಣತಿಯಂತೆ, ಬೆಂಗಳೂರಿನ ಜನಸಂಖ್ಯೆ ಸುಮಾರು 29 ಲಕ್ಷ. 2011ರ ಗಣತಿಯಲ್ಲಿ ಅದು 84 ಲಕ್ಷ ದಾಟಿತ್ತು. ನಗರ ಮೂರು ಪಟ್ಟು ಬೆಳೆಯಿತು. ನ್ಯಾಯಾಧೀಶರ ಸಂಖ್ಯೆಯೂ ಹೆಚ್ಚಿತು, ಕಟ್ಟಡಗಳ ಮಹಡಿಗಳೂ ಹೆಚ್ಚಿದವು. ಆದರೆ ವಿಳಾಸ ಬದಲಾಗಲಿಲ್ಲ.

ದಕ್ಷಿಣದ ವ್ಯಾಜ್ಯಗಳ ಸ್ವರೂಪ

ದಕ್ಷಿಣ ಬೆಂಗಳೂರಿನ ವ್ಯಾಜ್ಯಗಳಿಗೆ ತಮ್ಮದೇ ಆದ ಸ್ವರೂಪವಿದೆ. ಜಯನಗರ, ಬನಶಂಕರಿಯ ಹಳೆಯ ನಿವೇಶನಗಳನ್ನು ಅರ್ಧ ಶತಮಾನದ ಹಿಂದೆ ಮಂಜೂರು ಮಾಡಿಸಿಕೊಂಡವರಲ್ಲಿ ಬಹುಪಾಲು ಮಂದಿ ಸರ್ಕಾರಿ ನೌಕರರು, ಶಿಕ್ಷಕರು, ಕಾರ್ಖಾನೆ ಉದ್ಯೋಗಿಗಳು. ಆ ತಲೆಮಾರು ಈಗ ತೆರೆಮರೆಗೆ ಸರಿಯುತ್ತಿದೆ. ಉಯಿಲು ಬರೆಯದೆ ತಂದೆ ತೀರಿಕೊಂಡರೆ, ಆತನ ಸ್ವಯಾರ್ಜಿತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ, ಜೀವಂತವಿದ್ದರೆ ಆತನ ತಾಯಿಗೂ ಸಮಾನವಾಗಿ ಹೋಗುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲೂ ಹೆಣ್ಣುಮಕ್ಕಳಿಗೆ ಕರ್ನಾಟಕದ 1994ರ ತಿದ್ದುಪಡಿ, ಕೇಂದ್ರದ 2005ರ ತಿದ್ದುಪಡಿ ಹಕ್ಕು ನೀಡಿದವು. 2020ರಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಜನ್ಮತಃ ಬರುವಂಥದ್ದು ಎಂದು ಸ್ಪಷ್ಟಪಡಿಸಿತು. ಮೂವತ್ತು-ನಲವತ್ತು ಅಡಿಯ ನಿವೇಶನ ಕೋಟಿಗಳ ಬೆಲೆ ಪಡೆದಿರುವಾಗ ಪಾಲು ವಿಭಾಗದ ದಾವೆಗಳು ಮನೆಮನೆಯ ಸಂಗತಿಯಾಗಿವೆ.

ಎರಡನೆಯದು ಬಾಡಿಗೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ರೂಪುಗೊಂಡಾಗ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ವಾಸದ ಮನೆಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಡಲಾಯಿತು. ಬಿ.ಟಿ.ಎಂ. ಬಡಾವಣೆಯಲ್ಲಿ ಇಂದು ಆ ಮೊತ್ತಕ್ಕೆ ಒಂದು ಕೋಣೆ ಸಿಗುವುದೂ ಕಷ್ಟ. ಅಂದರೆ, ಅಧಿಕಾಂಶ ಬಾಡಿಗೆದಾರರೂ ಮಾಲೀಕರೂ ಕರಾರುಪತ್ರವನ್ನೂ 1882ರ ಸ್ವತ್ತು ವರ್ಗಾವಣೆ ಕಾಯ್ದೆಯನ್ನೂ ನೆಚ್ಚಿಕೊಳ್ಳಬೇಕು. ಹತ್ತು ತಿಂಗಳ ಮುಂಗಡ ಹಣ ಹಿಂದಿರುಗಿಸದ ಮಾಲೀಕನ ವಿರುದ್ಧ ಹೊರ ಊರಿನಿಂದ ಬಂದ ಯುವ ಉದ್ಯೋಗಿ ದಾವೆ ಹೂಡುವುದಿಲ್ಲ. ಮೊತ್ತಕ್ಕಿಂತ ಅಲೆದಾಟವೇ ದುಬಾರಿ ಎಂಬುದು ಅವನಿಗೆ ಗೊತ್ತು. ಅದು ಮಾಲೀಕನಿಗೂ ಗೊತ್ತು.

ಉಳಿದಂತೆ ಚೆಕ್ ಅಮಾನ್ಯ ಪ್ರಕರಣಗಳು, ವರ್ತುಲ ರಸ್ತೆ ಹಾಗೂ ಹೊಸೂರು ರಸ್ತೆಯ ಅಪಘಾತಗಳಿಗೆ ಸಂಬಂಧಿಸಿದ ಪರಿಹಾರ ಅರ್ಜಿಗಳು, ಕೌಟುಂಬಿಕ ವ್ಯಾಜ್ಯಗಳು. ಇವುಗಳಲ್ಲಿ ಕೌಟುಂಬಿಕ ನ್ಯಾಯಾಲಯ ಮಾತ್ರ ಎಚ್. ಸಿದ್ದಯ್ಯ ರಸ್ತೆಯಲ್ಲಿದ್ದು, ದಕ್ಷಿಣದವರಿಗೆ ತುಸು ಸಮೀಪ. ಅದೇ ರಸ್ತೆಯ ನ್ಯಾಯದೇಗುಲದಲ್ಲಿ 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಅನೇಕ ವ್ಯಾಜ್ಯಗಳನ್ನು ರಾಜಿಯಲ್ಲಿ ಮುಗಿಸುತ್ತಾ ಬಂದಿದೆ.

ದೂರವೆಂದರೆ ಕಿಲೋಮೀಟರ್ ಅಲ್ಲ

ಜಯನಗರದಿಂದ ಕೆ.ಜಿ. ರಸ್ತೆ ಕಿಲೋಮೀಟರ್ ಲೆಕ್ಕದಲ್ಲಿ ಬಹಳ ದೂರವೇನಲ್ಲ ಎಂಬ ವಾದವಿದೆ. 2017ರಿಂದ ಹಸಿರು ಮಾರ್ಗದ ಮೆಟ್ರೊ ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ಮೆಜೆಸ್ಟಿಕ್‌ಗೆ ಜೋಡಿಸಿದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವೂ ಸೇರಿಕೊಂಡಿತು. ಈ ವಾದದಲ್ಲಿ ಹುರುಳಿದೆ. ಆದರೆ ಕಕ್ಷಿದಾರನಿಗೆ ದೂರ ಎಂಬುದು ಪ್ರಯಾಣದ ಸಮಯ ಮಾತ್ರವಲ್ಲ. ಬೆಳಿಗ್ಗೆ ಹೋಗಿ ಪ್ರಕರಣ ಕೂಗುವವರೆಗೆ ಕಾದು, ಮುಂದಿನ ದಿನಾಂಕ ಪಡೆದು ಹಿಂದಿರುಗುವಲ್ಲಿಗೆ ಒಂದು ದಿನದ ದುಡಿಮೆ ಹೋಗಿರುತ್ತದೆ. ಎಂಬತ್ತು ವರ್ಷದ ವಿಧವೆಯೊಬ್ಬರು ಸಾಕ್ಷಿ ಹೇಳಬೇಕಾದರೆ ಜೊತೆಗೆ ಮಗನೋ ಮಗಳೋ ರಜೆ ಹಾಕಬೇಕಾಗುತ್ತದೆ.

ನ್ಯಾಯಾಲಯ ಸಮೀಪವಿದ್ದರೆ ಕಲಾಪದ ಒಳಗಿನ ಕೆಲಸಗಳೂ ಸುಗಮವಾಗುತ್ತವೆ. ಸಮನ್ಸ್ ಜಾರಿಯಾಗದೆ ದಾವೆಗಳು ತಿಂಗಳುಗಟ್ಟಲೆ ನಿಲ್ಲುವುದು ಸಾಮಾನ್ಯ. ಗಡಿ ತಕರಾರಿನಲ್ಲಿ ಸ್ಥಳ ಪರಿಶೀಲನೆಗೆ ನ್ಯಾಯಾಲಯ ಕಮಿಷನರರನ್ನು ನೇಮಿಸುತ್ತದೆ. ನೆರೆಹೊರೆಯವರೇ ಸಾಕ್ಷಿಗಳಾಗಿರುತ್ತಾರೆ. ನಡೆದು ಹೋಗುವಷ್ಟು ಹತ್ತಿರವಿರುವ ನ್ಯಾಯಾಲಯಕ್ಕೆ ಬರಲು ಅವರು ಹಿಂಜರಿಯುವುದು ಕಡಿಮೆ.

ಹಾಗೆಂದು ಸ್ಥಳಾಂತರವೊಂದರಿಂದಲೇ ವಿಳಂಬ ನೀಗುವುದಿಲ್ಲ. ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರ ತನ್ನ 120ನೆಯ ವರದಿಯಲ್ಲಿ ಹೇಳಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ಐದು ವರ್ಷಗಳಲ್ಲಿ ಆ ಗುರಿ ಮುಟ್ಟಬೇಕೆಂದು ನಿರ್ದೇಶಿಸಿತು. ದೇಶ ಆ ಸಂಖ್ಯೆಯ ಹತ್ತಿರಕ್ಕೂ ಬಂದಿಲ್ಲ. ಕಟ್ಟಡವೊಂದನ್ನು ಕಟ್ಟಿ ನ್ಯಾಯಾಧೀಶರನ್ನು ನೇಮಿಸದಿದ್ದರೆ ಕೆ.ಜಿ. ರಸ್ತೆಯ ಸಾಲು ಜಯನಗರಕ್ಕೆ ಬಂದು ನಿಲ್ಲುತ್ತದೆ, ಅಷ್ಟೆ.

ಬೇರೆ ನಗರಗಳ ದಾರಿ

ದೆಹಲಿ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿತು. 1958ರ ತೀಸ್ ಹಜಾರಿ ಸಮುಚ್ಚಯದ ಮೇಲಿನ ಒತ್ತಡ ಹೆಚ್ಚಿದಂತೆ 1993ರಲ್ಲಿ ಕಡಕಡಡೂಮಾ, 2005ರಲ್ಲಿ ರೋಹಿಣಿ, 2008ರಲ್ಲಿ ದ್ವಾರಕಾ, 2010ರಲ್ಲಿ ಸಾಕೇತ್ ನ್ಯಾಯಾಲಯಗಳು ತಲೆಯೆತ್ತಿದವು. ದಕ್ಷಿಣ ದೆಹಲಿಯ ನಿವಾಸಿ ಇಂದು ಹಳೆಯ ದೆಹಲಿಗೆ ಹೋಗಬೇಕಾಗಿಲ್ಲ. ಮುಂಬೈಯ ನಗರ ಸಿವಿಲ್ ನ್ಯಾಯಾಲಯ ಕೋಟೆ ಪ್ರದೇಶದಲ್ಲಿದ್ದರೂ ಉಪನಗರಗಳಿಗಾಗಿ ದಿಂಡೋಶಿಯಲ್ಲಿ ಶಾಖೆ ತೆರೆದಿದೆ.

ಜರ್ಮನಿಯ ವ್ಯವಸ್ಥೆ ಇನ್ನಷ್ಟು ಗಮನಾರ್ಹ. ಅಲ್ಲಿನ ತಳಮಟ್ಟದ ನ್ಯಾಯಾಲಯಕ್ಕೆ ‘ಆಮ್ಟ್ಸ್‌ಗೆರಿಷ್ಟ್’ ಎಂದು ಹೆಸರು. 1879ರಲ್ಲಿ ಜಾರಿಗೆ ಬಂದ ನ್ಯಾಯಾಲಯ ಸಂರಚನಾ ಕಾಯ್ದೆಯಿಂದ ಇಡೀ ದೇಶದಲ್ಲಿ ಏಕರೂಪವಾಗಿ ನೆಲೆಗೊಂಡ ಇಂಥ ಆರುನೂರಕ್ಕೂ ಹೆಚ್ಚು ನ್ಯಾಯಾಲಯಗಳು ಅಲ್ಲಿವೆ. ಸಣ್ಣ ಮೊತ್ತದ ದಾವೆ, ಕೌಟುಂಬಿಕ ವ್ಯಾಜ್ಯ ಮತ್ತು ಮೌಲ್ಯ ಎಷ್ಟೇ ಇದ್ದರೂ ವಾಸದ ಮನೆಯ ಬಾಡಿಗೆ ವ್ಯಾಜ್ಯ ಅಲ್ಲಿಯೇ ಇತ್ಯರ್ಥವಾಗಬೇಕು. ಭೂದಾಖಲೆಯ ಪುಸ್ತಕವನ್ನು ಇಡುವುದೂ ಅದೇ ನ್ಯಾಯಾಲಯ. ಆ ಪುಸ್ತಕದಲ್ಲಿ ಮಾಲೀಕನೆಂದು ದಾಖಲಾದವನನ್ನೇ ಕಾನೂನು ಮಾಲೀಕನೆಂದು ಭಾವಿಸುತ್ತದೆ. ನಮ್ಮಲ್ಲಿ 1908ರ ನೋಂದಣಿ ಕಾಯ್ದೆ ದಸ್ತಾವೇಜನ್ನು ದಾಖಲಿಸುತ್ತದೆಯೇ ಹೊರತು ಒಡೆತನಕ್ಕೆ ಖಾತರಿ ಕೊಡುವುದಿಲ್ಲ. ಒಂದೇ ನಿವೇಶನಕ್ಕೆ ಎರಡು ಕ್ರಯಪತ್ರಗಳು ಹುಟ್ಟಿಕೊಂಡಾಗ ಯಾರದು ನಿಜ ಎಂಬುದನ್ನು ಕಡೆಗೆ ಸಿವಿಲ್ ನ್ಯಾಯಾಲಯವೇ ಹೇಳಬೇಕು. ನೋಂದಣಿ ಮತ್ತು ನ್ಯಾಯದ ನಡುವಿನ ಅಂತರ ನಮ್ಮಲ್ಲಿ ಹೆಚ್ಚು ಬಾಧಿಸುವುದು ಈ ಕಾರಣಕ್ಕೆ.

ಬರ್ಲಿನ್ ನಗರವೊಂದರಲ್ಲೇ ನಾಯ್‌ಕೋಲ್ನ್, ಶೋನೆಬೆರ್ಗ್, ಸ್ಪಾಂಡೌ, ಶಾರ್ಲೊಟೆನ್‌ಬುರ್ಗ್ ಮುಂತಾದ ಬಡಾವಣೆಗಳಿಗೆ ಬೇರೆಬೇರೆ ನ್ಯಾಯಾಲಯಗಳಿವೆ. ಆದರೆ ಕಂಪನಿಗಳ ದಾಖಲೆಯಂಥ ವಿಶೇಷ ಕೆಲಸವನ್ನು ಇಡೀ ನಗರಕ್ಕೆ ಶಾರ್ಲೊಟೆನ್‌ಬುರ್ಗ್ ನ್ಯಾಯಾಲಯವೊಂದೇ ನೋಡಿಕೊಳ್ಳುತ್ತದೆ. ನಿತ್ಯದ ವ್ಯಾಜ್ಯ ಬಡಾವಣೆಗೆ, ವಿಶೇಷ ವಿಷಯ ಕೇಂದ್ರಕ್ಕೆ ಎಂಬ ಈ ಹಂಚಿಕೆಯಿಂದ ಬೆಂಗಳೂರು ಕಲಿಯಬಹುದಾದದ್ದಿದೆ.

ಆಕ್ಷೇಪಗಳು ಮತ್ತು ಉತ್ತರ

ವಿಕೇಂದ್ರೀಕರಣವನ್ನು ವಕೀಲರಲ್ಲಿ ಅನೇಕರು ಒಪ್ಪುವುದಿಲ್ಲ. ಅವರ ಕಾರಣಗಳನ್ನು ತಳ್ಳಿಹಾಕುವಂತಿಲ್ಲ. ಒಂದೇ ದಿನ ನಾಲ್ಕು ನ್ಯಾಯಾಲಯಗಳಲ್ಲಿ ಹಾಜರಾಗಬೇಕಾದ ಕಿರಿಯ ವಕೀಲ, ನ್ಯಾಯಾಲಯಗಳು ನಾಲ್ಕು ದಿಕ್ಕಿಗೆ ಹಂಚಿಹೋದರೆ ಯಾವುದಕ್ಕೆ ಓಡಬೇಕು? ಗ್ರಂಥಾಲಯ, ದಾಖಲೆ ಕೊಠಡಿ, ಭದ್ರತೆ ಎಲ್ಲವನ್ನೂ ಹೊಸದಾಗಿ ಒದಗಿಸಬೇಕು. ದಕ್ಷಿಣದ ಬಡಾವಣೆಗಳಲ್ಲಿ ಸರ್ಕಾರಿ ಜಾಗವೂ ವಿರಳ.

ಆದರೂ ಒಂದೇ ನ್ಯಾಯಾಲಯ ಎರಡು ಕಡೆ ಕುಳಿತು ಕಲಾಪ ನಡೆಸಬಲ್ಲದು ಎಂಬುದಕ್ಕೆ ಮೇಯೊ ಹಾಲ್ ಘಟಕವೇ ಸಾಕ್ಷಿ. ಅಗತ್ಯ ಬಿದ್ದಾಗ ನ್ಯಾಯಾಲಯ ದಕ್ಷಿಣಕ್ಕೂ ಬಂದಿದೆ. 2014ರ ಸೆಪ್ಟೆಂಬರ್ 27ರಂದು ಆಗಿನ ತಮಿಳುನಾಡು ಮುಖ್ಯಮಂತ್ರಿ ಜೆ. ಜಯಲಲಿತಾ ಅವರ ವಿರುದ್ಧದ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ ತೀರ್ಪು ನೀಡಿದ್ದು ಪರಪ್ಪನ ಅಗ್ರಹಾರದಲ್ಲಿ. ಭದ್ರತೆಯ ಕಾರಣಕ್ಕೆ ಸಾಧ್ಯವಾದದ್ದು ಸಾಮಾನ್ಯ ಜನರ ಅನುಕೂಲದ ಕಾರಣಕ್ಕೆ ಅಸಾಧ್ಯವಾಗಬೇಕಿಲ್ಲ.

ತಂತ್ರಜ್ಞಾನ ಬಂದ ಮೇಲೆ ಕಟ್ಟಡದ ಮಾತೇಕೆ ಎಂಬ ಪ್ರಶ್ನೆಯೂ ಇದೆ. ಕೋವಿಡ್ ಕಾಲದಲ್ಲಿ ವಿಡಿಯೊ ಕಲಾಪ ಅನಿವಾರ್ಯವಾಯಿತು. 2023ರಲ್ಲಿ ಕೇಂದ್ರ ಸರ್ಕಾರ 7,210 ಕೋಟಿ ರೂಪಾಯಿಗಳ ಇ-ಕೋರ್ಟ್ಸ್ ಮೂರನೆಯ ಹಂತಕ್ಕೆ ಒಪ್ಪಿಗೆ ನೀಡಿತು. ಕೇರಳ 2024ರ ನವೆಂಬರ್‌ನಲ್ಲಿ ಕೊಲ್ಲಂನಲ್ಲಿ ಚೆಕ್ ಅಮಾನ್ಯ ಪ್ರಕರಣಗಳಿಗೆಂದೇ ದಿನದ 24 ಗಂಟೆಯೂ ಅರ್ಜಿ ಸಲ್ಲಿಸಬಹುದಾದ ಕಾಗದರಹಿತ ನ್ಯಾಯಾಲಯ ಆರಂಭಿಸಿತು. ಇಂಥ ಪ್ರಕರಣಗಳಿಗೆ ಅದೇ ಸರಿಯಾದ ದಾರಿ. ಆದರೆ ಪಾಲು ವಿಭಾಗದ ದಾವೆಯಲ್ಲಿ ಅಣ್ಣ-ತಂಗಿಯರ ಪಾಟೀ ಸವಾಲು, ಹಳೆಯ ಉಯಿಲಿನ ಸಹಿಯ ಪರೀಕ್ಷೆ, ವೃದ್ಧ ಸಾಕ್ಷಿಯ ಹೇಳಿಕೆ ಇವು ಪರದೆಯ ಮೇಲೆ ಸುಲಭವಾಗಿ ನಡೆಯುವಂಥವಲ್ಲ.

ಈಗೇಕೆ ಈ ಪ್ರಶ್ನೆ

ಗ್ರಾಮೀಣ ಜನರ ಮನೆಬಾಗಿಲಿಗೆ ನ್ಯಾಯ ಎಂಬ ಉದ್ದೇಶದಿಂದ ಸಂಸತ್ತು 2008ರಲ್ಲಿ ಗ್ರಾಮ ನ್ಯಾಯಾಲಯಗಳ ಕಾಯ್ದೆ ರೂಪಿಸಿತು. ನಗರದ ಬಡಾವಣೆಗಳಿಗೆ ಅಂಥ ಕಾಯ್ದೆಯಿಲ್ಲ. ನಗರದಲ್ಲಿ ಎಲ್ಲವೂ ಹತ್ತಿರ ಎಂಬ ಹಳೆಯ ನಂಬಿಕೆ ಅದರ ಹಿಂದಿದ್ದಿರಬೇಕು. ಆ ನಂಬಿಕೆಯನ್ನು ರಾಜ್ಯ ಸರ್ಕಾರ ಆಡಳಿತದ ವಿಷಯದಲ್ಲಿ ಈಗಾಗಲೇ ಕೈಬಿಟ್ಟಿದೆ. ಒಂದೇ ಪಾಲಿಕೆ ಇಷ್ಟು ದೊಡ್ಡ ನಗರವನ್ನು ಆಳಲಾಗದು ಎಂಬ ಕಾರಣ ಕೊಟ್ಟು 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳನ್ನು ರಚಿಸಿತು. ದಕ್ಷಿಣಕ್ಕೂ ಒಂದು ಪಾಲಿಕೆ ದೊರೆಯಿತು. ತೆರಿಗೆಗೆ, ಕಸ ವಿಲೇವಾರಿಗೆ, ರಸ್ತೆಗೆ ಅನ್ವಯಿಸಿದ ತರ್ಕವನ್ನು ನ್ಯಾಯದಾನಕ್ಕೆ ಅನ್ವಯಿಸಬಾರದೇಕೆ?

ಎಲ್ಲವನ್ನೂ ಒಮ್ಮೆಲೇ ಒಡೆಯಬೇಕೆಂದೇನೂ ಇಲ್ಲ. ವಾಣಿಜ್ಯ ವ್ಯಾಜ್ಯ, ಭಾರಿ ಮೌಲ್ಯದ ಭೂವ್ಯಾಜ್ಯ ಹಾಗೂ ವಿಶೇಷ ನ್ಯಾಯಾಲಯಗಳು ಕೆ.ಜಿ. ರಸ್ತೆಯಲ್ಲೇ ಇರಲಿ. ಬಾಡಿಗೆ, ಸಣ್ಣ ಮೊತ್ತದ ಹಣದ ದಾವೆ, ಅಪಘಾತ ಪರಿಹಾರ, ಗಡಿ ಹಾಗೂ ಪಾಲಿನ ತಕರಾರುಗಳಿಗಾಗಿ ದಕ್ಷಿಣದಲ್ಲಿ ಒಂದು ಘಟಕ, ಅದರ ಜೊತೆಯಲ್ಲೇ ಒಂದು ಮಧ್ಯಸ್ಥಿಕೆ ಕೇಂದ್ರ ಸ್ಥಾಪಿಸುವುದರಿಂದ ಆರಂಭಿಸಬಹುದು. ಇದಕ್ಕೆ ಹೈಕೋರ್ಟಿನ ಸಮ್ಮತಿ, ಸರ್ಕಾರದ ಹಣ, ವಕೀಲರ ಸಂಘದ ಸಹಕಾರ ಮೂರೂ ಬೇಕು. ಹೊಸ ಪಾಲಿಕೆಗಳ ಕಚೇರಿಗಳಿಗೆ ಜಾಗ ಗುರುತಿಸುವ ಹೊತ್ತಿನಲ್ಲೇ ನ್ಯಾಯಾಲಯಕ್ಕೂ ಜಾಗ ಗುರುತಿಸದಿದ್ದರೆ 1948ರಲ್ಲಿ ಜಯನಗರದ ನಕ್ಷೆ ಬರೆದವರು ಬಿಟ್ಟ ಕೊರತೆ ಮತ್ತೊಂದು ತಲೆಮಾರಿಗೂ ಉಳಿದುಹೋಗುತ್ತದೆ.